ಏಣಿಯಿಂದ ಬಿದ್ದರು, ಎಕ್ಸ್‌ರೇ ಸರಿ ಇದೆ, ನೋವು ಮಾತ್ರ ಹೋಗಿಲ್ಲ. ಪಕ್ಕೆಲುಬಿಗೆ ಸ್ಕ್ಯಾನಿಂಗ್ ಮಾಡಿಸಬಹುದಾ?

ಸುಂಟಿಕೊಪ್ಪದ_ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಮಾವನಿಗೆ 66 ವರ್ಷ. ಒಂಬತ್ತು ದಿನದ ಹಿಂದೆ ತೋಟದಲ್ಲಿ ಏಣಿಯಿಂದ ಬಿದ್ದರು. ಕರಿಮೆಣಸು ಕೊಯ್ಯಲು ಆಳುಗಳು ಬಂದಿದ್ದರು, ಆದರೂ ಇವರಿಗೆ ತಡೆಯಲಿಲ್ಲ. ಮೇಲೆ ಎರಡು ಗೊಂಚಲು ಬಿಟ್ಟುಬಿಟ್ಟಿದ್ದಾರೆ ಅಂತ ಎಲ್ಲರೂ ಊಟಕ್ಕೆ ಹೋದ ಮೇಲೆ ತಾವೇ ಹತ್ತಿದರು. ಸಿಲ್ವರ್ ಮರ, ಒಂಟಿ ಬಿದಿರಿನ ಹಳೇ ಏಣಿ. ಏಳೆಂಟು ಅಡಿಯಿಂದ ಬಿದ್ದಿದ್ದು ಅಷ್ಟೇ, ಆದರೆ ನೆಲಕ್ಕೆ ಬರುವ ಮೊದಲು ಎಡಪಕ್ಕೆ ಕಾಫಿ ಗಿಡದ ಬೊಡ್ಡೆಗೆ ಬಡಿದಿದೆ.

ಅವತ್ತೇ ಸಂಜೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ತೆಗೆದರು. ಮೂಳೆಗೆ ಏನೂ ಆಗಿಲ್ಲ, ಒಳಪೆಟ್ಟು ಅಷ್ಟೇ, ಒಂದು ವಾರದಲ್ಲಿ ಸರಿಹೋಗುತ್ತದೆ ಅಂತ ಮಾತ್ರೆ, ಮುಲಾಮು ಕೊಟ್ಟು ಕಳಿಸಿದರು. ವಾರ ಆಯ್ತು, ಸರಿಹೋಗಿಲ್ಲ. ಎಡಕ್ಕೆ ಮಗ್ಗುಲಾಗಲು ಆಗುವುದಿಲ್ಲ, ರಾತ್ರಿ ಈಸಿಚೇರಿನಲ್ಲೇ ಕೂತು ನಿದ್ದೆ. ಸೀನು ಬಂದರೆ ಕಣ್ಣಲ್ಲಿ ನೀರು. ಕೆಮ್ಮಿದರೆ ಒಳಗೆ ಕಟಕ್ ಅನ್ನುತ್ತದೆ ಅಂತಾರೆ, ಕೈ ಇಟ್ಟರೆ ನನಗೂ ಒಂದೆರಡು ಸಲ ಗೊತ್ತಾಯಿತು.

ಮಂಗಳೂರಿನಲ್ಲಿ ನರ್ಸ್ ಆಗಿರುವ ಅವರ ಅಕ್ಕನ ಮಗಳು ಫೋನಿನಲ್ಲಿ, ನೋವಿರುವ ಜಾಗಕ್ಕೆ ಸ್ಕ್ಯಾನಿಂಗ್ ಮಾಡಿಸಿ ಅತ್ತಿಗೆ, ಎಕ್ಸ್‌ರೇಗಿಂತ ಚೆನ್ನಾಗಿ ಗೊತ್ತಾಗುತ್ತದೆ ಅಂದಳು. ಸಿಟಿ ಸ್ಕ್ಯಾನ್ ಅಲ್ಲ, ಹೊಟ್ಟೆಗೆ ಮಾಡ್ತಾರಲ್ಲ ಅದೇ, ಜೆಲ್ ಹಚ್ಚಿ ನೋಡುವ ಅಲ್ಟ್ರಾಸೌಂಡ್. ಮಾವನಿಗೆ ಹೇಳಿದರೆ "ನಾನೇನು ಬಸುರಿಯಾ?" ಅಂತ ನಗಲು ಹೋಗಿ, ನಗು ಪಕ್ಕೆಗೆ ಹಿಡಿದು, ಆಮೇಲೆ ಸಿಟ್ಟು ನನ್ನ ಮೇಲೆ.

ಸ್ಕ್ಯಾನಿಂಗ್‌ನಲ್ಲಿ ಮೂಳೆ ಕಾಣುತ್ತದಾ? ನಾನು ಕೇಳಿದ ಹಾಗೆ ಅದರಲ್ಲಿ ಮೂಳೆ ಕಾಣುವುದೇ ಇಲ್ಲ. ಮಾಡಿಸಿದರೆ ಮಡಿಕೇರಿ, ಕುಶಾಲನಗರದಲ್ಲೇ ಆಗುತ್ತದಾ, ಇಲ್ಲಾ ನೇರ ಮೈಸೂರಿಗೆ ಹೋಗಿ ಸಿಟಿ ಮಾಡಿಸುವುದೇ ವಾಸಿಯಾ? ನೂರು ಕಿಲೋಮೀಟರ್ ಕಾರಿನಲ್ಲಿ ಕೂರಿಸುವುದೇ ದೊಡ್ಡ ಹಿಂಸೆ, ಒಂದೊಂದು ರೋಡ್ ಹಂಪ್‌ಗೂ ಬೈಗುಳ ಕೇಳಬೇಕು.

ಕತ್ತಲೆ_ಕೋಣೆ

ಅಕ್ಕಾ, ಗೋಣಿಕೊಪ್ಪದ ಕಡೆ ಎಕ್ಸ್‌ರೇ ತೆಗೆಯುವ ಕೆಲಸ ನನ್ನದು. ಹದಿನೇಳು ವರ್ಷ ಆಯ್ತು. ಫೆಬ್ರವರಿಯಿಂದ ಏಪ್ರಿಲ್ ತನಕ ಏಣಿಯಿಂದ ಬಿದ್ದವರು ಬರುತ್ತಲೇ ಇರುತ್ತಾರೆ, ಮೇ ಜೂನ್ ಬಂದರೆ ಮರ ಕಪಾತಿನವರು, ಅಂದರೆ ನೆರಳಿನ ಮರದ ಕೊಂಬೆ ಕಡಿಯುವವರು. ಹಾಗಾಗಿ ನಿಮ್ಮ ಮಾವನ ಕಥೆ ನನಗೆ ಬಾಯಿಪಾಠ.

ಎಕ್ಸ್‌ರೇ ಸರಿ ಇದೆ ಅಂದರೆ ಪಕ್ಕೆಲುಬು ಸರಿ ಇದೆ ಅಂತ ಅರ್ಥ ಅಲ್ಲ. ನಾನೇ ತೆಗೆಯುವವನು, ನಾನೇ ಹೇಳ್ತಿದ್ದೀನಿ. ಪಕ್ಕೆಲುಬಿನ ಬಿರುಕುಗಳಲ್ಲಿ ಹೆಚ್ಚೂ ಕಡಿಮೆ ಅರ್ಧದಷ್ಟು ಸಾದಾ ಎದೆ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದು. ಡಾಕ್ಟರ್ ಸರಿಯಾಗಿ ನೋಡಿಲ್ಲ ಅಂತ ಬೈಯುವ ಮೊದಲು ಇದನ್ನು ಯೋಚನೆ ಮಾಡಿ. ಕಾಫಿ ಹಣ್ಣು ಕೊಯ್ಯುವ ಬಿದಿರಿನ ಬುಟ್ಟಿಯನ್ನು ಬಿಸಿಲಿಗೆ ಹಿಡಿದರೆ ಗೋಡೆ ಮೇಲೆ ನೆರಳು ಬೀಳುತ್ತದೆ, ಅಲ್ವಾ. ಮುಂದಿನ ಕಡ್ಡಿ, ಹಿಂದಿನ ಕಡ್ಡಿ ಎಲ್ಲಾ ಒಂದರ ಮೇಲೊಂದು. ಪಕ್ಕಕ್ಕೆ ಬಾಗಿರುವ ಕಡೆ ಒಂದು ಕಡ್ಡಿ ಸೀಳು ಬಿಟ್ಟಿದ್ದರೆ ಆ ನೆರಳಿನಲ್ಲಿ ಹೇಗೆ ಹುಡುಕುತ್ತೀರಿ? ಎದೆಗೂಡು ಅದೇ ಬುಟ್ಟಿ. ಹನ್ನೆರಡು ಜೊತೆ ಕಡ್ಡಿ, ಮೇಲೆ ಹೃದಯದ ನೆರಳು, ಕೆಳಗೆ ಹೊಟ್ಟೆಯ ನೆರಳು. ಬಿರುಕು ಬಿಟ್ಟರೂ ಮೂಳೆ ಜಾಗ ಬಿಟ್ಟು ಸರಿದಿಲ್ಲದಿದ್ದರೆ ಕಾಣುವುದೇ ಇಲ್ಲ. ಎರಡು ಮೂರು ವಾರ ಬಿಟ್ಟು ತೆಗೆದರೆ ಅದೇ ಜಾಗದಲ್ಲಿ ಹೊಸ ಮೂಳೆ ಗಂಟು ಕಟ್ಟಿ, ಓ ಇಲ್ಲಿ ಮುರಿದಿತ್ತು ಅಂತ ಆಗ ಗೊತ್ತಾಗುವುದೂ ಉಂಟು.

ಇನ್ನೊಂದು ವಿಷಯ. ಪಕ್ಕೆಲುಬಿನ ಮುಂದಿನ ತುದಿ ಮೂಳೆ ಅಲ್ಲ, ಮೃದ್ವಸ್ಥಿ. ಕಿವಿಯ ಹಾಗೆ ಬಾಗುತ್ತದಲ್ಲ, ಅಂಥದ್ದು. ಅದು ಎಕ್ಸ್‌ರೇಗೆ ಬೀಳುವುದೇ ಇಲ್ಲ, ಅದರಲ್ಲಿ ಬಿರುಕು ಬಿಟ್ಟರೆ ನಾನು ಹತ್ತು ಫಿಲ್ಮ್ ತೆಗೆದರೂ ಅಷ್ಟೇ. ಕಟಕ್ ಅನ್ನುವುದು ಕೇಳಿದರೆ ನನಗೆ ಅದರ ಮೇಲೇ ಅನುಮಾನ.

ಹಾಗಂತ ಮೊದಲ ದಿನದ ಎಕ್ಸ್‌ರೇ ವ್ಯರ್ಥ ಅಲ್ಲ. ಶ್ವಾಸಕೋಶ ಕುಸಿದಿದೆಯಾ, ಎದೆಯೊಳಗೆ ಜಾಸ್ತಿ ರಕ್ತ ತುಂಬಿದೆಯಾ ಅಂತ ನೋಡಲು ಅದು ಬೇಕೇ ಬೇಕು.

ಲೆಕ್ಕ_ಕೇಳೋನು

ಸುಮ್ನೆ ಒಂದು ಪ್ರಶ್ನೆ. ಸ್ಕ್ಯಾನಿಂಗ್ ಮಾಡಿಸಿ, ಬಿರುಕು ಇದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ಆಮೇಲೆ? ಕೈ ಮುರಿದರೆ ಪಟ್ಟಿ ಹಾಕ್ತಾರೆ, ಪಕ್ಕೆಲುಬಿಗೆ ಏನು ಹಾಕ್ತಾರೆ? ಅದೇ ನೋವಿನ ಮಾತ್ರೆ, ಅದೇ ರೆಸ್ಟ್. ಕಾಸು ಹೋಗುವುದು ಬಿಟ್ಟರೆ ಏನೂ ಬದಲಾಗುವುದಿಲ್ಲ. ನನ್ನ ತಮ್ಮನಿಗೆ ಸೋಮವಾರಪೇಟೆ ರಸ್ತೆಯಲ್ಲಿ ಬೈಕ್ ಸ್ಕಿಡ್ ಆಗಿ ಇದೇ ರೀತಿ ಆಗಿತ್ತು, ಏನೂ ಮಾಡಿಸಲಿಲ್ಲ, ಆರು ವಾರಕ್ಕೆ ತಾನಾಗಿ ಸರಿಹೋಯಿತು.

ತಿತಿಮತಿ_ಡಾಕ್ಟರ್

ಊರು ತಿತಿಮತಿ, ಕೆಲಸ ಮೈಸೂರಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಸ್ಕ್ಯಾನಿಂಗ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸೊಸೆಯವರೇ, ಮೊದಲು ಇದನ್ನು ಮಾವನ ಹತ್ತಿರ ಕೇಳಿ. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು ಬರುತ್ತಿದೆಯಾ? ಜ್ವರ ಇದೆಯಾ? ಕಫದಲ್ಲಿ ರಕ್ತ? ಎದ್ದು ನಿಂತರೆ ತಲೆ ಸುತ್ತುತ್ತದಾ? ಪೆಟ್ಟೇ ಬೀಳದ ಎಡ ಭುಜದ ತುದಿಯಲ್ಲಿ ನೋವಿದೆಯಾ? ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಒಂದಕ್ಕೆ ಹೌದು ಅಂದರೂ ಇಲ್ಲಿ ಓದುತ್ತಾ ಕೂರಬೇಡಿ, ಇವತ್ತೇ ಹೊರಡಿ. ಎಡಗಡೆ ಕೆಳ ಪಕ್ಕೆಲುಬುಗಳ ಹಿಂದೆ ಗುಲ್ಮ ಇದೆ, ರಕ್ತ ತುಂಬಿದ ಮೆತ್ತನೆಯ ಅಂಗ. ಅದಕ್ಕೆ ಪೆಟ್ಟಾಗಿದ್ದರೆ ಕೆಲವೊಮ್ಮೆ ಎಷ್ಟೋ ದಿನ ಬಿಟ್ಟು ರಕ್ತ ಸೋರುತ್ತದೆ. ಭುಜಕ್ಕೂ ಅದಕ್ಕೂ ಏನು ಸಂಬಂಧ ಅನ್ನಬೇಡಿ. ಹೊಟ್ಟೆಗೂ ಎದೆಗೂ ನಡುವೆ ಇರುವ ವಪೆ ಎಂಬ ಪರದೆಗೆ ನರ ಬರುವುದು ಕುತ್ತಿಗೆಯಿಂದ, ಹಾಗಾಗಿ ಅಲ್ಲಿ ಕೆರಳಿದರೆ ನೋವು ಭುಜದಲ್ಲಿ ಕಾಣುತ್ತದೆ.

ಈಗ ಸ್ಕ್ಯಾನಿಂಗ್. ಅದರಲ್ಲಿ ಮೂಳೆ ಕಾಣುವುದಿಲ್ಲ ಅನ್ನುವುದು ಅರ್ಧ ನಿಜ. ಮೂಳೆಯ ಒಳಗು ಕಾಣುವುದಿಲ್ಲ. ಶಬ್ದದ ಅಲೆ ಮೂಳೆಗೆ ತಾಗಿದ ಕೂಡಲೇ ಹೆಚ್ಚಿನದೆಲ್ಲಾ ವಾಪಸ್ ಬರುತ್ತದೆ, ಅದರ ಹಿಂದೆ ಬರೀ ಕಪ್ಪು ನೆರಳು. ಆದರೆ ವಾಪಸ್ ಬಂದ ಆ ಅಲೆಯಿಂದಲೇ ಮೂಳೆಯ ಮೇಲ್ಮೈ ಬೆಳ್ಳಗೆ, ಚೂಪಾದ ಗೆರೆಯಾಗಿ ಕಾಣುತ್ತದೆ. ರಾತ್ರಿ ಹೆಂಚಿನ ಮಾಡಿಗೆ ಟಾರ್ಚ್ ಬಿಟ್ಟರೆ ಅಟ್ಟದಲ್ಲಿ ಏನಿದೆ ಅಂತ ಕಾಣುವುದಿಲ್ಲ, ಯಾವ ಹೆಂಚು ಒಡೆದಿದೆ ಅಂತ ಕಾಣುತ್ತದೆ. ಪಕ್ಕೆಲುಬು ಚರ್ಮದ ಕೆಳಗೇ ಇರುವುದರಿಂದ ಆ ಗೆರೆ ಒಂದು ಮಿಲಿಮೀಟರ್ ತಪ್ಪಿದ್ದರೂ, ಮೆಟ್ಟಿಲಿನ ಹಾಗೆ ಏರಿಳಿದಿದ್ದರೂ ಸಿಗುತ್ತದೆ. ಸುತ್ತ ಕಟ್ಟಿಕೊಂಡ ರಕ್ತವೂ ಕಪ್ಪಗೆ ಕಾಣುತ್ತದೆ. ಮೇಲಿನವರು ಹೇಳಿದ ಮೃದ್ವಸ್ಥಿಯ ಬಿರುಕು ಎಕ್ಸ್‌ರೇಗೆ ಸಿಗದಿದ್ದರೂ ಇದಕ್ಕೆ ಸಿಗುತ್ತದೆ. ಎದೆಯ ನಡುಮೂಳೆಯ ಬಿರುಕನ್ನು ಕೂಡ ಹೀಗೇ ಹಿಡಿಯಬಹುದು, ಕಾರಿನ ಸೀಟ್ ಬೆಲ್ಟ್ ಒತ್ತಿ ಆಗುತ್ತದಲ್ಲ, ಅದು.

ಆದರೆ ಹೇಗೆ ನೋಡುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಪ್ರೋಬ್ ಅಂದರೆ ಮೈಗೆ ತಾಗಿಸುವ ಹಿಡಿ. ಹೊಟ್ಟೆಗೆ ಇಡುವುದು ಉಬ್ಬು ಮುಖದ ಪ್ರೋಬ್, ಅದರ ಶಬ್ದದ ಕಂಪನ ಎರಡರಿಂದ ಐದು ಮೆಗಾಹರ್ಟ್ಸ್, ಆಳಕ್ಕೆ ಹೋಗುತ್ತದೆ, ಆದರೆ ಸೂಕ್ಷ್ಮ ಕಡಿಮೆ. ಪಕ್ಕೆಲುಬಿಗೆ ಬೇಕಾದ್ದು ಚಪ್ಪಟೆ ಮುಖದ ಪ್ರೋಬ್, ಏಳು ಮೆಗಾಹರ್ಟ್ಸ್‌ನಿಂದ ಮೇಲೆ, ಥೈರಾಯ್ಡ್ ನೋಡಲು ಬಳಸುತ್ತಾರಲ್ಲ ಅದು. ಅದನ್ನು ಪಕ್ಕೆಲುಬಿನ ಉದ್ದಕ್ಕೆ ಇಟ್ಟು ನಿಧಾನಕ್ಕೆ ಜಾರಿಸುತ್ತಾ ಹೋಗಬೇಕು. ಹನ್ನೆರಡು ಪಕ್ಕೆಲುಬನ್ನೂ ಹುಡುಕುತ್ತಾ ಕೂತರೆ ಗಂಟೆ ಸಾಲದು. ಆದ್ದರಿಂದ ಮಾವ ಒಂದೇ ಬೆರಳಿನಲ್ಲಿ, ಅಂಗೈಯಲ್ಲಿ ಅಲ್ಲ, ಅತಿ ಹೆಚ್ಚು ನೋವಿರುವ ಜಾಗ ತೋರಿಸಬೇಕು. ಮನೆಯಲ್ಲೇ ಪೆನ್ನಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಜೆಲ್ ಜಾಸ್ತಿ ಹಾಕಿ, ಒತ್ತಬೇಡಿ ಅಂತ ಹೇಳಿ, ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂಳೆಯೂ ಮೃದ್ವಸ್ಥಿಯೂ ಕೂಡುವ ಜಾಗದಲ್ಲಿ ಎಲ್ಲರಿಗೂ ಒಂದು ಸಣ್ಣ ತಿರುವು ಇರುತ್ತದೆ, ಅಭ್ಯಾಸ ಇಲ್ಲದವರು ಅದನ್ನೇ ಬಿರುಕು ಅಂದುಬಿಡುವುದುಂಟು. ಅದಕ್ಕೇ ಬಲಗಡೆಯ ಅದೇ ಜಾಗವನ್ನೂ ನೋಡಿ ಹೋಲಿಸಬೇಕು.

ಲೆಕ್ಕ ಕೇಳೋರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಇಪ್ಪತ್ತೈದರ ಹುಡುಗ, ಉಸಿರಾಟ ಸರಿ, ನೋವು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದೆ ಅಂದರೆ ನಾನೂ ಸ್ಕ್ಯಾನಿಂಗ್ ಬರೆಯುವುದಿಲ್ಲ. ಬರೀ ಬಿರುಕು ಹುಡುಕಲು ಮಾಡಿಸಿದರೆ ಅದು ಕುತೂಹಲ ಅಷ್ಟೇ. ಆದರೆ ಇಲ್ಲಿ ವಯಸ್ಸು 66, ಎಡಗಡೆ ಕೆಳಭಾಗ, ಒಂಬತ್ತು ದಿನ ಆದರೂ ಕೂತೇ ನಿದ್ದೆ. ನನಗೆ ಬಿರುಕಿಗಿಂತ ಅದರ ಹಿಂದೆ ಏನಾಗಿದೆ ಅನ್ನುವುದು ಮುಖ್ಯ, ಅದನ್ನೂ ಇದೇ ಮಷಿನ್ ತೋರಿಸುತ್ತದೆ. ಎರಡು ಪಕ್ಕೆಲುಬಿಗೆ ಅಡ್ಡಲಾಗಿ ಪ್ರೋಬ್ ಇಟ್ಟರೆ ಪರದೆ ಮೇಲೆ ಬಾವಲಿ ರೆಕ್ಕೆ ಬಿಚ್ಚಿದ ಹಾಗೆ ಚಿತ್ರ ಬರುತ್ತದೆ. ಎರಡು ರೆಕ್ಕೆ ಎರಡು ಪಕ್ಕೆಲುಬು, ನಡುವಿನ ಬೆಳ್ಳನೆ ಗೆರೆ ಶ್ವಾಸಕೋಶದ ಪೊರೆ. ಉಸಿರು ಎಳೆದು ಬಿಟ್ಟ ಹಾಗೆ ಆ ಗೆರೆ ಮಿನುಗುತ್ತಾ ಆಚೀಚೆ ಜಾರಬೇಕು. ಜಾರದೆ ಸತ್ತ ಹಾಗೆ ನಿಂತಿದ್ದರೆ ಅಲ್ಲಿ ಗಾಳಿ ಸೇರಿಕೊಂಡಿದೆಯಾ ಅಂತ ಅನುಮಾನ ಪಡಬೇಕು. ಕೆಳಗೆ ವಪೆಯ ಮೇಲೆ ಕಪ್ಪು ಪಟ್ಟಿ ಕಂಡರೆ ನೀರು ಅಥವಾ ರಕ್ತ. ನಿಲ್ಲಿಸಿ ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಅದು ಗೊತ್ತಾಗಲು ಸುಮಾರು 200 ಮಿಲಿ ಸೇರಿರಬೇಕು, ಸ್ಕ್ಯಾನಿಂಗ್‌ಗೆ ಕೆಲವೇ ಹತ್ತು ಮಿಲಿ ಸಾಕು. ಬಿದ್ದ ದಿನ ಇಲ್ಲದ ರಕ್ತ ವಾರ ಬಿಟ್ಟು ಸೇರುವುದೂ ಉಂಟು. ಅದು ಸಿಕ್ಕಿದರೆ ಚಿಕಿತ್ಸೆ ಬದಲಾಗುತ್ತದೆ. ಆ ಕಡೆಯೇ ಗುಲ್ಮ, ಮೂತ್ರಪಿಂಡವನ್ನೂ ಐದು ನಿಮಿಷದಲ್ಲಿ ನೋಡಬಹುದು.

ಇದಕ್ಕೆ ಆಗದ್ದೂ ಇದೆ. ಬೆನ್ನಿನ ರೆಕ್ಕೆ ಮೂಳೆಯ ಹಿಂದೆ ಅಡಗಿದ ಪಕ್ಕೆಲುಬು, ಕತ್ತುಪಟ್ಟಿ ಮೂಳೆಯ ಕೆಳಗಿನ ಮೊದಲ ಪಕ್ಕೆಲುಬು, ಇವು ಸಿಗುವುದು ಕಷ್ಟ. ಕೈ ತಲೆ ಮೇಲೆ ಎತ್ತಿದರೆ ರೆಕ್ಕೆ ಮೂಳೆ ಸ್ವಲ್ಪ ಸರಿಯುತ್ತದೆ, ಪೂರ್ತಿ ಅಲ್ಲ. ದಪ್ಪ ಇರುವವರಲ್ಲೂ ಕಷ್ಟ. ಶ್ವಾಸಕೋಶದ ಆಳದಲ್ಲಿ ಜಜ್ಜಿದ್ದರೆ ಕಾಣುವುದಿಲ್ಲ, ಗಾಳಿ ಶಬ್ದವನ್ನು ಒಳಗೆ ಬಿಡುವುದಿಲ್ಲ. ಜೀಪ್ ಪಲ್ಟಿ, ಮರ ಮೈಮೇಲೆ ಬಿದ್ದದ್ದು, ಆನೆ ತಳ್ಳಿದ್ದು, ಇಂಥದ್ದಕ್ಕೆ ಸ್ಕ್ಯಾನಿಂಗ್ ನೋಡಿ ಸಮಾಧಾನ ಪಟ್ಟುಕೊಂಡು ಮನೆಗೆ ಹೋಗಬಾರದು, ಸಿಟಿಯೇ ಬೇಕು. ಸಿಟಿಯಲ್ಲಿ ವಿಕಿರಣ ಎದೆ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಜಾಸ್ತಿ ಅನ್ನುವುದು ನಿಜ, ಆದರೆ ಬೇಕಾದಾಗ ಬೇಕು.

ನಿಮ್ಮ ಮಾವನಿಗೆ ಮೈಸೂರು ಪ್ರಯಾಣ ಈಗಲೇ ಬೇಡ. ಹತ್ತಿರದಲ್ಲೇ ಯಾರಾದರೂ ರೇಡಿಯಾಲಜಿಸ್ಟ್ ಹತ್ತಿರ, ಇಲ್ಲಾ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ಡಾಕ್ಟರ್ ಚೀಟಿಯಲ್ಲಿ ಬರೀ ಸ್ಕ್ಯಾನಿಂಗ್ ಅಂತ ಇದ್ದರೆ ಹೊಟ್ಟೆ ನೋಡಿ ಕಳಿಸುತ್ತಾರೆ. "ಎಡ ಎದೆಗೋಡೆ, ನೋವಿನ ಜಾಗ, ಎದೆಯೊಳಗೆ ದ್ರವ ಇದೆಯಾ, ಗುಲ್ಮ" ಅಂತ ಬರೆಸಿಕೊಳ್ಳಿ.

ಬ್ಯಾಕ್_ಆಡ್ತಿದ್ದೆ

ಡಾಕ್ಟ್ರು ಹೇಳಿದ್ದಕ್ಕೆ ನನ್ನ ಮೈಯೇ ಸಾಕ್ಷಿ. ಮೂರು ವರ್ಷದ ಹಿಂದೆ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ನಮ್ಮ ಕುಟುಂಬದ ಟೀಮಿಗೆ ಆಡಲು ಹೋಗಿದ್ದೆ. 1997ರಲ್ಲಿ ಕರಡದಲ್ಲಿ ಮೊದಲ ಟೂರ್ನಿ ನಡೆದಾಗ ನಾನು ಶಾಲೆ ಹುಡುಗ, ಬೌಂಡರಿ ಲೈನಿನಲ್ಲಿ ಕೂತು ನೋಡಿದವನು. ನಲವತ್ತು ದಾಟಿದ ಮೇಲೂ ಆಡಬೇಕು ಅನ್ನುವ ಹುಚ್ಚು ಹೋಗಿಲ್ಲ. ಪೆನಾಲ್ಟಿ ಕಾರ್ನರ್‌ಗೆ ಓಡಿ ಬಂದೆ, ಬಾಲ್ ನೇರ ಬಲಪಕ್ಕೆಗೆ. ಉಸಿರೇ ಕಟ್ಟಿತು.

ಎಕ್ಸ್‌ರೇ ನಾರ್ಮಲ್. ನಾನು ಬುದ್ಧಿವಂತ ಅಲ್ವಾ, ಮೆಡಿಕಲ್ ಶಾಪಿನಿಂದ ಅಗಲದ ಬೆಲ್ಟ್ ತಂದು ಎದೆಗೆ ಬಿಗಿಯಾಗಿ ಕಟ್ಟಿಕೊಂಡೆ. ಕಟ್ಟಿದರೆ ನೋವು ಕಡಿಮೆ, ಸ್ವರ್ಗ. ಹತ್ತು ದಿನ ಬಿಚ್ಚಲಿಲ್ಲ. ಉಸಿರು ಮೇಲೆ ಮೇಲೆ ಎಳೆಯುತ್ತಿದ್ದೆ, ಕೆಮ್ಮು ಬಂದರೆ ನುಂಗಿಕೊಳ್ಳುತ್ತಿದ್ದೆ. ಹನ್ನೊಂದನೇ ದಿನ ಚಳಿ ಜ್ವರ, ನ್ಯುಮೋನಿಯಾ, ಆರು ದಿನ ಅಡ್ಮಿಟ್. ಅಲ್ಲೇ ಒಬ್ಬ ಮೇಡಂ ಸ್ಕ್ಯಾನಿಂಗ್ ಮಾಡಿ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು, ಬೆಳ್ಳನೆ ಗೆರೆ ಬರ್ತಾ ಬರ್ತಾ ಟಕ್ ಅಂತ ಕೆಳಗೆ ಇಳಿದಿದೆ. ಅದನ್ನು ಮೊದಲ ದಿನವೇ ನೋಡಿದ್ದರೆ, ಮುರಿದಿದೆ ಅಂತ ಗೊತ್ತಿದ್ದರೆ, ನಾನು ಬೆಲ್ಟಿನ ಆಟ ಆಡುತ್ತಿರಲಿಲ್ಲ. ಬರೀ ಒಳಪೆಟ್ಟು ಅಂತ ಅಂದುಕೊಂಡೇ ಮೂರನೇ ದಿನ ಕಣದಲ್ಲಿ ಕಾಫಿ ಚೀಲ ಎತ್ತಿದ್ದೆ ಬೇರೆ.

ಎಣ್ಣೆ ಹಾಕಿ ತಿಕ್ಕಲು ಯಾರಾದರೂ ಬಂದರೆ ಮಾವನ ಹತ್ತಿರ ಸೇರಿಸಬೇಡಿ ಅಕ್ಕ. ನಮ್ಮ ಊರಿನಲ್ಲಿ ಬಿದ್ದವರ ಮನೆಗೆ ಡಾಕ್ಟರ್‌ಗಿಂತ ಮೊದಲು ಎಣ್ಣೆ ಬಾಟಲಿ ಬರುತ್ತದೆ.

ಲೆಕ್ಕ_ಕೇಳೋನು

ಸರಿ ಡಾಕ್ಟ್ರೇ, ಒಪ್ಪಿದೆ. ಹಾಗಾದರೆ ಇನ್ನೊಂದು. ಇಷ್ಟು ಸುಲಭ, ವಿಕಿರಣ ಇಲ್ಲ, ಮಷಿನ್ ಈಗ ಕೈಯಲ್ಲಿ ಹಿಡಿಯುವಷ್ಟು ಸಣ್ಣದು ಬಂದಿದೆ, ಮೊಬೈಲಿಗೇ ಸಿಕ್ಕಿಸಬಹುದು ಅಂತ ಕೇಳಿದ್ದೇನೆ. ನಾಪೋಕ್ಲು, ಶ್ರೀಮಂಗಲ, ಕುಟ್ಟದಲ್ಲಿ ಕೂತ ಸಣ್ಣ ಕ್ಲಿನಿಕ್ ಡಾಕ್ಟರ್ ಒಬ್ಬರು ಅದನ್ನು ಇಟ್ಟುಕೊಂಡು ಅಲ್ಲೇ ನೋಡಬಹುದಲ್ಲ? ಮಳೆಗಾಲದಲ್ಲಿ ಅಲ್ಲಿಂದ ಮಡಿಕೇರಿಗೆ ಬರುವುದೇ ಒಂದು ಸಾಹಸ.

ತಿತಿಮತಿ_ಡಾಕ್ಟರ್

ಒಳ್ಳೆ ಪ್ರಶ್ನೆ, ಉತ್ತರ ಕಹಿ. ಭ್ರೂಣ ಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆ ಇದೆಯಲ್ಲ, ಅದರ ಪ್ರಕಾರ ಅಲ್ಟ್ರಾಸೌಂಡ್ ಮಷಿನ್ ಇರುವ ಜಾಗ ನೋಂದಣಿ ಆಗಿರಬೇಕು, ಬಳಸುವವರಿಗೆ ಅರ್ಹತೆ ಇರಬೇಕು, ನೋಂದಣಿ ಇಲ್ಲದವರಿಗೆ ಮಷಿನ್ ಮಾರುವ ಹಾಗಿಲ್ಲ. ಜೇಬಿನಲ್ಲಿ ಇಟ್ಟುಕೊಂಡು ತೋಟದ ಆಳುಗಳ ಲೈನ್ ಮನೆಗೆ ಹೋಗಿ ನೋಡಿ ಬರುವುದು ಇಲ್ಲಿ ಆಗದ ಮಾತು. ಬೇರೆ ದೇಶಗಳಲ್ಲಿ ಆಂಬುಲೆನ್ಸ್‌ನಲ್ಲೇ ನೋಡುತ್ತಾರೆ. ಕಾಯ್ದೆ ಬಂದ ಕಾರಣ ನಮಗೆಲ್ಲಾ ಗೊತ್ತು, ಹೆಣ್ಣು ಮಕ್ಕಳನ್ನು ಹುಟ್ಟುವ ಮೊದಲೇ ಕೊಂದ ದೇಶ ನಮ್ಮದು, ಅದನ್ನು ಸಡಿಲ ಮಾಡಿ ಅಂತ ಹೇಳಲು ನನಗೂ ಬಾಯಿ ಬರುವುದಿಲ್ಲ. ಆದರೆ ಅದರ ಬಿಸಿ ಏಣಿಯಿಂದ ಬಿದ್ದವನ ಪಕ್ಕೆಲುಬಿಗೂ ತಾಗುತ್ತದೆ, ಅದೂ ನಿಜ.

ಅಂದ ಹಾಗೆ ನೋಂದಣಿ ಆದ ಜಾಗದಲ್ಲಿ ಗಂಡಸರಿಗೆ, ಬಸುರಿ ಅಲ್ಲದವರಿಗೆ ಮಾಡಿಸಲು, ಬಸುರಿಯರಿಗೆ ಆ ಕಾಯ್ದೆ ಪ್ರಕಾರ ತುಂಬಬೇಕಾದ ಫಾರಂನ ತೊಂದರೆ ಏನೂ ಇಲ್ಲ. ಮಾವನಿಗೆ ಧೈರ್ಯ ಹೇಳಿ.

ಮೂರು_ಬಾಲ್

ಫಿಸಿಯೋ ನಾನು, ಕುಶಾಲನಗರ. ಸ್ಕ್ಯಾನಿಂಗ್ ಆಗುವ ತನಕ ಸುಮ್ಮನೆ ಕೂರಿಸಬೇಡಿ. ನೋವಿನ ಮಾತ್ರೆಯನ್ನು ಡಾಕ್ಟರ್ ಬರೆದ ಹೊತ್ತಿಗೆ ಸರಿಯಾಗಿ ಕೊಡಿ. ನಮ್ಮ ಹಿರಿಯರು ತಡೆಯಲು ಆಗದೆ ಹೋದಾಗ ಮಾತ್ರ ನುಂಗುತ್ತಾರೆ, ಅದು ತಪ್ಪು. ನೋವು ಇಳಿದರೆ ತಾನೇ ದೊಡ್ಡ ಉಸಿರು ಎಳೆಯಲು ಆಗುವುದು? ಎಚ್ಚರ ಇದ್ದಾಗ ಗಂಟೆಗೊಮ್ಮೆ ಹತ್ತು ದೊಡ್ಡ ಉಸಿರು. ಮೂರು ಬಾಲಿನ ಉಪಕರಣ ಸಿಗುತ್ತದೆ, ಅದನ್ನು ಊದುವುದಲ್ಲ, ಎಳೆಯುವುದು. ಹತ್ತರಲ್ಲಿ ಎಂಟು ಜನ ಊದುತ್ತಿರುತ್ತಾರೆ, ನೋಡಿ ನೋಡಿ ಸಾಕಾಗಿದೆ. ಕೆಮ್ಮು ಬಂದರೆ ತಡೆಯಬಾರದು. ಒಂದು ದಿಂಬನ್ನು ಪಕ್ಕೆಗೆ ಅವುಚಿಕೊಂಡು ಕೆಮ್ಮಲಿ, ಅರ್ಧ ನೋವು ಕಡಿಮೆ. ಅಂಗಳದಲ್ಲಿ ದಿನಾ ನಡೆಯಲಿ. ಸಿಗರೇಟು ಇದ್ದರೆ ಈಗಲಾದರೂ ಬಿಡಿಸಿ.

ಸುಂಟಿಕೊಪ್ಪದ_ಸೊಸೆ

ಡಾಕ್ಟ್ರ ಪ್ರಶ್ನೆ ಎಲ್ಲಾ ಒಂದೊಂದಾಗಿ ಕೇಳಿದೆ. ಜ್ವರ ಇಲ್ಲ, ರಕ್ತ ಇಲ್ಲ, ಭುಜ ನೋವಿಲ್ಲ, ರಕ್ತ ತೆಳು ಮಾಡುವ ಮಾತ್ರೆ ಇಲ್ಲ. ಆದರೆ ಅಂಗಳದಿಂದ ಜಗಲಿ ಹತ್ತುವಾಗ ಸ್ವಲ್ಪ ಉಸಿರು ಕಟ್ಟುತ್ತದೆ ಅಂತ ಈಗ ಬಾಯಿ ಬಿಟ್ಟರು. ಮೂರು ದಿನದಿಂದ ಇದೆಯಂತೆ, ಹೇಳಿರಲಿಲ್ಲ! ಈಗಲೇ ಹೊರಟೆವು. ಬಂದು ಬರೆಯುತ್ತೇನೆ.

ಸುಂಟಿಕೊಪ್ಪದ_ಸೊಸೆ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮನೆಯಲ್ಲಿ ಮೆಣಸು ಒಣಗಿಸುವ ಗಲಾಟೆ, ಮಧ್ಯದಲ್ಲಿ ಎರಡು ಮಳೆ ಬೇರೆ.

ಅವತ್ತು ಹೋದಾಗ ಕೌಂಟರಿನಲ್ಲಿ ಹೊಟ್ಟೆ ಸ್ಕ್ಯಾನಿಂಗಾ, ನೀರು ಕುಡಿದು ಕೂತಿರಿ ಅಂದರು. ನಾನು ಚೀಟಿ ತೋರಿಸಿದೆ. ಒಳಗೆ ಇದ್ದ ಡಾಕ್ಟರ್ ಒಳ್ಳೆಯವರು, ಚೀಟಿ ಓದಿ ಉಬ್ಬು ಪ್ರೋಬ್ ಬದಿಗೆ ಇಟ್ಟು ಚಪ್ಪಟೆಯದು ತೆಗೆದುಕೊಂಡರು. ಮಾವ ಪೆನ್ನಿನ ಗುರುತು ತೋರಿಸಿದರು. ನಾನು ಒಂದು ಸಣ್ಣ ಚುಕ್ಕೆ ಹಾಕಿ ಅಂದರೆ ಇವರು ತೋಟದ ಮರಕ್ಕೆ ನಂಬರ್ ಹಾಕಿದ ಹಾಗೆ ದೊಡ್ಡ ಗುಣಿಸು ಗುರುತು ಹಾಕಿಕೊಂಡಿದ್ದರು, ಡಾಕ್ಟರ್ ನಕ್ಕರು.

ಎಂಟನೇ ಪಕ್ಕೆಲುಬು ಬಿಟ್ಟಿದೆ, ಸುಮಾರು ಎರಡು ಮಿಲಿಮೀಟರ್ ಮೆಟ್ಟಿಲು. ಏಳನೆಯದು ಮುಂದೆ ಮೃದ್ವಸ್ಥಿಯಲ್ಲಿ ಸೀಳಿದೆ. ಕೆಮ್ಮಿ ಅಂದರು, ಕೆಮ್ಮಿದಾಗ ಆ ಎರಡು ತುದಿ ಒಂದರ ಮೇಲೊಂದು ಜಾರುವುದು ಪರದೆ ಮೇಲೆ ನಾನೇ ನೋಡಿದೆ. ಕಟಕ್ ಅಂದಿದ್ದು ಅದೇ. ಕತ್ತಲೆ ಕೋಣೆಯವರ ಅನುಮಾನ ಸರಿಯಾಗಿತ್ತು. ಶ್ವಾಸಕೋಶದ ಗೆರೆ ಮಿನುಗುತ್ತಾ ಜಾರುತ್ತಿದೆ, ಗಾಳಿ ಸೇರಿಲ್ಲ. ಗುಲ್ಮ ಸರಿ ಇದೆ. ಆದರೆ ವಪೆಯ ಮೇಲೆ ಒಂದು ಕಪ್ಪು ಪಟ್ಟಿ ಇತ್ತು, ಉಸಿರು ಕಟ್ಟುತ್ತಿದ್ದದ್ದು ಅದಕ್ಕೂ ಇರಬಹುದು, ನೋವಿಗೆ ಹೆದರಿ ಮೇಲೆ ಮೇಲೆ ಉಸಿರಾಡಿದ್ದಕ್ಕೂ ಇರಬಹುದು ಅಂದರು. ಅವತ್ತೇ ಮತ್ತೆ ಎಕ್ಸ್‌ರೇ ತೆಗೆದರು, ಅದರಲ್ಲಿ ಬಿರುಕು ಆಗಲೂ ಕಾಣಲಿಲ್ಲ! ಎಡಗಡೆ ಮೂಲೆ ಒಂಚೂರು ಮಸುಕು ಅಷ್ಟೇ, ಅದೂ ಅವರು ಬೆರಳಿಟ್ಟು ತೋರಿಸಿದ ಮೇಲೆ.

ಎರಡು ದಿನ ಅಲ್ಲೇ ಇಟ್ಟುಕೊಂಡರು. ದ್ರವ ಹೊರತೆಗೆಯಲು ನಳಿಗೆ ಹಾಕುವಷ್ಟು ಇಲ್ಲ ಅಂತ ಹಾಕಲಿಲ್ಲ. ನೋವಿಗೆ ಔಷಧಿ ಬದಲಾಯಿಸಿದರು, ಉಸಿರಿನ ವ್ಯಾಯಾಮ ಮಾಡಿಸಿದರು. ಒಂದು ವಾರ ಬಿಟ್ಟು ಸ್ಕ್ಯಾನಿಂಗ್ ಮತ್ತೆ ಮಾಡಿದಾಗ ಆ ಪಟ್ಟಿ ಅರ್ಧಕ್ಕಿಂತ ಕಡಿಮೆ ಆಗಿತ್ತು. ಮುಂದಿನ ವಾರ ಇನ್ನೊಮ್ಮೆ ಹೋಗಬೇಕು. ಮೂರು ಬಾಲಿನಲ್ಲಿ ಎರಡು ಏಳುತ್ತಿವೆ. ಮೊದಲ ದಿನ ಇವರೂ ಊದುತ್ತಿದ್ದರು, ಫಿಸಿಯೋ ಅವರೇ.

ಒಂದು ಹೇಳಲೇಬೇಕು. ಮಾತ್ರೆ ಬದಲಾಗಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಆ ಪರದೆ. ಮುರಿದಿದ್ದನ್ನು ಕಣ್ಣಾರೆ ನೋಡಿದ ಮೇಲೆ ಮಾವ ವಾಪಸ್ ಬರುವ ದಾರಿಯಲ್ಲಿ ಒಂದು ಮಾತು ಆಡಲಿಲ್ಲ. ಮನೆಗೆ ಬಂದು ಅತ್ತೆಗೆ "ಎರಡು ಮುರಿದಿದೆ ಕಣೇ" ಅಂತ ಏನೋ ಬಹುಮಾನ ಬಂದ ಹಾಗೆ ಹೇಳಿದರು. ಅಲ್ಲಿಯ ತನಕ ಒಳಪೆಟ್ಟು ಅಷ್ಟೇ, ನಾಟಕ ಮಾಡಬೇಡಿ ಅಂತ ಅತ್ತೆ ಗದರಿಸುತ್ತಿದ್ದರು. ಈಗ ಬಿಸಿನೀರು ಕೂಡ ಕೂತಲ್ಲಿಗೇ ಬರುತ್ತಿದೆ.

ತಿತಿಮತಿ_ಡಾಕ್ಟರ್

ಒಳ್ಳೆಯದಾಯಿತು. ಎರಡೂ ಸ್ಕ್ಯಾನಿಂಗ್ ರಿಪೋರ್ಟ್ ಜೋಪಾನವಾಗಿ ಇಟ್ಟುಕೊಳ್ಳಿ. ಮೂಳೆ ಕೂಡಲು ಆರು ವಾರದ ಆಸುಪಾಸು ಬೇಕು, ಅವರ ವಯಸ್ಸಿಗೆ ಇನ್ನೂ ಸ್ವಲ್ಪ ಜಾಸ್ತಿ ಹಿಡಿದರೂ ಗಾಬರಿ ಬೇಡ. ಮೃದ್ವಸ್ಥಿ ಇನ್ನೂ ಸೋಮಾರಿ. ಕಟಕ್ ತಿಂಗಳುಗಟ್ಟಲೆ ಉಳಿಯಬಹುದು. ಉಸಿರು ಮತ್ತೆ ಕಟ್ಟಿದರೆ, ಜ್ವರ ಬಂದರೆ ಮುಂದಿನ ವಾರದ ತನಕ ಕಾಯಬೇಡಿ.

ಕತ್ತಲೆ_ಕೋಣೆ

ಅಕ್ಕಾ, ಒಂದು ಕೇಳಲೇಬೇಕು. ಆ ಎರಡು ಗೊಂಚಲು ಕೊನೆಗೆ ಯಾರು ಕೊಯ್ದರು?

ಸುಂಟಿಕೊಪ್ಪದ_ಸೊಸೆ

ಯಾರೂ ಇಲ್ಲ. ಇನ್ನೂ ಅಲ್ಲೇ ಇವೆ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅದನ್ನೇ ನೋಡುತ್ತಾರೆ. ಏಣಿ ನಾನು ಅತ್ತೆಯ ತಮ್ಮನ ಮನೆಗೆ ಕಳಿಸಿದ್ದೇನೆ.